ಕಲ್ಲಂಗಡಿ ಹಾಕಿದ ಟಕೀಲಾ ಕಾಕ್‌ಟೇಲ್ ನೀರು ನೀರಾಯಿತು, ಎಲ್ಲಿ ತಪ್ಪಿದೆ?

ಅರೆಹಣ್ಣು

ಕಳೆದ ವಾರದ ಸೋಲನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡು ಹಗುರಾಗೋಣ ಎಂದು ಬರೆಯುತ್ತಿದ್ದೇನೆ.

ಐದು ಮಂದಿ ಗೆಳೆಯರು ಸಂಜೆ ಮನೆಗೆ ಬರುವವರಿದ್ದರು. ಬಿಸಿಲು ಇಳಿದ ಮೇಲೆ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೆಂದು ಮಾತಾಗಿತ್ತು. ಈ ಸೆಕೆಯಲ್ಲಿ ಅದೇ ಬಿಯರ್ ಯಾಕೆ, ಹಣ್ಣು ಹಾಕಿ ಟಕೀಲಾ ಕಾಕ್‌ಟೇಲ್ ಮಾಡುತ್ತೇನೆ ಎಂದು ಯಾರೂ ಕೇಳದಿದ್ದರೂ ನಾನೇ ಜಂಬ ಕೊಚ್ಚಿಕೊಂಡೆ.

ಒಂದು ಕಲ್ಲಂಗಡಿಯನ್ನು ಮಿಕ್ಸಿಯಲ್ಲಿ ತಿರುಗಿಸಿ ಸೋಸಿದೆ, 1.2 ಲೀಟರ್ ರಸ ಬಂತು. ಅದಕ್ಕೆ 180 ಮಿ.ಲೀ. ಟಕೀಲಾ, ನಾಲ್ಕು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ. ಜಗ್ ತುಂಬ ಐಸ್ ಹಾಕಿ ಒಂದು ಗಂಟೆ ಮೊದಲೇ ಫ್ರಿಜ್‌ನಲ್ಲಿಟ್ಟೆ. ನೋಡಲು ಕಣ್ಣಿಗೆ ಹಬ್ಬ. ಬಾಯಿಗಿಟ್ಟರೆ, ಕಲ್ಲಂಗಡಿ ಹೆಚ್ಚಿದ ತಟ್ಟೆಯನ್ನು ತೊಳೆದ ನೀರು. ಸಕ್ಕರೆ ಅರ್ಧ ಕರಗಿ ಅರ್ಧ ತಳದಲ್ಲೇ ಕುಳಿತಿತ್ತು. ಗೆಳತಿಯೊಬ್ಬಳು ಲೋಟವನ್ನು ಬೆಳಕಿಗೆ ಹಿಡಿದು, "ಬಣ್ಣ ಮಾತ್ರ ಚೆನ್ನಾಗಿದೆ" ಎಂದಳು. ಆ "ಮಾತ್ರ" ಇನ್ನೂ ಕಿವಿಯಲ್ಲಿದೆ.

ಮುಂದಿನ ಶನಿವಾರ ಅದೇ ಗುಂಪು ಮತ್ತೆ ಸೇರುತ್ತದೆ. ನನ್ನ ಬಳಿ ಅಳತೆಯ ಸಣ್ಣ ಲೋಟ, ಮುಚ್ಚಳವಿರುವ ಉಕ್ಕಿನ ಡಬ್ಬಿ, ಚಹಾ ಸೋಸುವ ಜಾಲರಿ ಇವೆ. ಬಾರ್‌ನವರ ಸಲಕರಣೆ ಇಲ್ಲ. ದಾರಿ ತೋರಿಸಿ.

ಅಳತೆಗಾರ

ಮೊದಲು ಲೆಕ್ಕ ಹಾಕೋಣ. 180 ಮಿ.ಲೀ. ಟಕೀಲಾದಲ್ಲಿ ಶೇ 40ರಂತೆ ಆಲ್ಕೋಹಾಲ್ 72 ಮಿ.ಲೀ. ನಿಮ್ಮ ಜಗ್‌ನಲ್ಲಿ ಇದ್ದದ್ದು ಸುಮಾರು 1,380 ಮಿ.ಲೀ. ಅಂದರೆ ಶುರುವಿನಲ್ಲೇ ಶೇ 5ರ ಆಸುಪಾಸು. ಒಂದು ಗಂಟೆಯಲ್ಲಿ ಅರ್ಧ ಲೀಟರ್‌ನಷ್ಟು ಐಸ್ ಕರಗಿದ್ದರೆ ಶೇ 4ಕ್ಕಿಂತ ಕೆಳಗೆ. ಬಿಯರ್ ಬೇಡವೆಂದು ಹೊರಟವರು ಬಿಯರ್‌ಗಿಂತ ತೆಳುವಾದದ್ದನ್ನು ಮಾಡಿದ್ದೀರಿ.

ಆದರೆ ನಿಜವಾದ ತೊಂದರೆ ಆಲ್ಕೋಹಾಲ್ ಕಡಿಮೆಯಾದದ್ದಲ್ಲ. ಹೆಚ್ಚು ಟಕೀಲಾ ಸುರಿದಿದ್ದರೆ ಅದು ಇನ್ನಷ್ಟು ಕೆಡುತ್ತಿತ್ತು. ಕಲ್ಲಂಗಡಿಯಲ್ಲಿ ಶೇ 90ಕ್ಕಿಂತ ಹೆಚ್ಚು ನೀರು. ಸಿಹಿ ಸ್ವಲ್ಪ, ಹುಳಿ ಇಲ್ಲವೆಂದೇ ಹೇಳಬೇಕು. ಹಣ್ಣನ್ನು ಕಚ್ಚಿ ತಿನ್ನುವಾಗ ಅದರ ಗರಿಗರಿ ನಾಲಿಗೆಗೆ ಮೋಸ ಮಾಡುತ್ತದೆ. ರಸ ತೆಗೆದ ಕೂಡಲೇ ಆ ಮೋಸ ಬಯಲಾಗುತ್ತದೆ. ಇಂಥ ಹಣ್ಣಿಗೆ ಬೆನ್ನೆಲುಬು ಕೊಡುವುದು ನಿಂಬೆ. ನಿಂಬೆರಸದಲ್ಲಿ ಆಮ್ಲ ಸುಮಾರು ಶೇ 6, ಕಿತ್ತಳೆ ರಸದಲ್ಲಿ ಶೇ 1ರ ಸುತ್ತಮುತ್ತ. ಆರು ಜನರ ಜಗ್‌ಗೆ ಅರ್ಧ ನಿಂಬೆ ಎಂದರೆ ಹಾಕದಿದ್ದ ಹಾಗೆಯೇ.

ಹೋಲಿಕೆಗೆ ಮಾರ್ಗರೀಟಾ ನೋಡಿ. ಐಬಿಎ, ಅಂದರೆ ಬಾರ್ಟೆಂಡರ್‌ಗಳ ಅಂತರರಾಷ್ಟ್ರೀಯ ಸಂಘ, ಕೊಡುವ ಅಳತೆ: ಟಕೀಲಾ 50, ಕಿತ್ತಳೆ ಸಿಪ್ಪೆಯ ಪರಿಮಳದ ಟ್ರಿಪಲ್ ಸೆಕ್ 20, ನಿಂಬೆರಸ 15 ಮಿ.ಲೀ. ಒಂದೇ ಲೋಟಕ್ಕೆ ಇಷ್ಟು ಹುಳಿ!

ನನ್ನ ಮನೆಯ ಲೆಕ್ಕ, ಒಂದು ಲೋಟಕ್ಕೆ: ಟಕೀಲಾ 45, ಕಲ್ಲಂಗಡಿ ರಸ 60, ನಿಂಬೆರಸ 20, ಸಕ್ಕರೆ ಪಾಕ 15 ಮಿ.ಲೀ. ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ತೆಗೆದುಕೊಂಡು, ಸಕ್ಕರೆ ಕರಗುವವರೆಗೆ ಬಿಸಿಮಾಡಿ ಆರಿಸಿದರೆ ಪಾಕ ಆಯಿತು, ಎಳೆ ಬರಬೇಕಿಲ್ಲ. ಒಣ ಸಕ್ಕರೆಯನ್ನು ತಣ್ಣನೆಯ ಜಗ್‌ಗೆ ಮಾತ್ರ ಹಾಕಬೇಡಿ, ತಳದಲ್ಲಿ ಕೂರುವುದು ಅದರ ಧರ್ಮ.

ಒಂಟಿಲೋಟ

ಹಣ್ಣನ್ನು ತಿನ್ನಿ, ಟಕೀಲಾವನ್ನು ಕುಡಿಯಿರಿ. ಎರಡನ್ನೂ ಯಾಕೆ ಕೆಡಿಸುತ್ತೀರಿ?

ಕಲ್ಲುಪ್ಪು

ಒಂಟಿಲೋಟ ಅವರು ಬಂದರು, ಚರ್ಚೆಗೆ ಕಳೆ ಬಂತು.

ಅಳತೆಗಾರರ ಲೆಕ್ಕ ಸರಿ, ಆದರೆ ಉಪ್ಪನ್ನೇ ಮರೆತಿದ್ದಾರೆ. ಲೋಟಕ್ಕೊಂದು ಸಣ್ಣ ಚಿಟಿಕೆ ಸಾಕು. ಅದು ಉಪ್ಪಿನ ರುಚಿ ಕೊಡುವುದಕ್ಕಲ್ಲ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಅಡಗಿದ ಕಹಿಯ ಜಾಗದಲ್ಲಿ ಹಣ್ಣಿನ ಸಿಹಿ ಎದ್ದು ಕಾಣುತ್ತದೆ. ನಂಬಿಕೆ ಬಾರದಿದ್ದರೆ ಒಂದೇ ಮಿಶ್ರಣವನ್ನು ಎರಡು ಲೋಟಕ್ಕೆ ಹಾಕಿ ಒಂದಕ್ಕೆ ಮಾತ್ರ ಉಪ್ಪು ಸೇರಿಸಿ, ಕಣ್ಣು ಮುಚ್ಚಿ ಕುಡಿದು ನೋಡಿ.

ನಾನು 20 ಗ್ರಾಂ ಉಪ್ಪನ್ನು 80 ಗ್ರಾಂ ನೀರಿನಲ್ಲಿ ಕರಗಿಸಿ ಸಣ್ಣ ಸೀಸೆಯಲ್ಲಿ ಇಟ್ಟುಕೊಂಡಿದ್ದೇನೆ. ಲೋಟಕ್ಕೆ ನಾಲ್ಕು ಹನಿ. ಚಿಟಿಕೆ ಎಂದರೆ ಒಬ್ಬೊಬ್ಬರ ಬೆರಳಿಗೆ ಒಂದೊಂದು ಅಳತೆ. ಹನಿಯಲ್ಲಿ ಆ ಗೊಂದಲ ಇಲ್ಲ.

ಲೋಟದ ಅಂಚಿನ ಉಪ್ಪಿನ ಬಗ್ಗೆಯೂ ಹೇಳಿಬಿಡುತ್ತೇನೆ. ಇಡೀ ಅಂಚಿಗೆ ಮೆತ್ತಬೇಡಿ. ಅರ್ಧ ಅಂಚಿಗೆ ಮಾತ್ರ ನಿಂಬೆ ಹೋಳು ಸವರಿ, ಹೊರಬದಿಯನ್ನಷ್ಟೇ ಹರಳುಪ್ಪಿನ ಮೇಲೆ ಉರುಳಿಸಿ. ಬೇಕಾದವರು ಆ ಕಡೆಯಿಂದ ಕುಡಿಯುತ್ತಾರೆ, ಬೇಡದವರು ಲೋಟ ತಿರುಗಿಸಿಕೊಳ್ಳುತ್ತಾರೆ. ಒಳಬದಿಗೂ ಮೆತ್ತಿದರೆ ಉಪ್ಪೆಲ್ಲ ಪಾನೀಯಕ್ಕೆ ಇಳಿದು ಮೂರನೆಯ ಗುಟುಕಿಗೆ ಸಮುದ್ರ. ನುಣ್ಣಗಿನ ಪುಡಿ ಉಪ್ಪು ಬೇಡವೇ ಬೇಡ, ತುಟಿ ಉರಿಯುತ್ತದೆ.

ಅರೆಹಣ್ಣು

ಅಳತೆಗಾರರೇ, ಕಲ್ಲುಪ್ಪು ಅವರೇ, ಇಬ್ಬರಿಗೂ ವಂದನೆ. ಬಿಯರ್‌ಗಿಂತ ತೆಳು ಎಂಬುದನ್ನು ಓದಿ ನಗು ಬಂತು, ನೋವೂ ಆಯಿತು.

ಇನ್ನೊಂದು ಸಂದೇಹ. ನನ್ನ ಬಾಟಲಿಯ ಮೇಲೆ "ಗೋಲ್ಡ್" ಎಂದಿದೆ, ಬಣ್ಣವೂ ಜೇನಿನ ಹಾಗಿದೆ. ಹಣ್ಣಿಗೆ ಇದು ಆಗುತ್ತದೆಯೇ?

ಒಂಟಿಲೋಟ

ಈಗ ಕೇಳಿದಿರಿ ನೋಡಿ ಕೇಳಬೇಕಾದ ಪ್ರಶ್ನೆ.

ಬಾಟಲಿಯ ಮೇಲೆ "100% ಅಗಾವೆ" ಎಂದು ಬರೆದಿದೆಯೇ ಹುಡುಕಿ. ಇಲ್ಲದಿದ್ದರೆ ಅದು ಮಿಕ್ಸ್ಟೊ. ನಿಯಮದ ಪ್ರಕಾರ ಟಕೀಲಾದ ಸಕ್ಕರೆಯಲ್ಲಿ ಕನಿಷ್ಠ ಶೇ 51 ನೀಲಿ ಅಗಾವೆಯಿಂದ ಬರಬೇಕು. ಮಿಕ್ಕದ್ದು ಕಬ್ಬಿನದ್ದೋ ಬೇರೆಯದ್ದೋ ಆಗಬಹುದು. ಬಣ್ಣವನ್ನು ನೋಡಿ ಹಳೆಯದೆಂದು ಮರುಳಾಗಬೇಡಿ. ಕ್ಯಾರಮೆಲ್ ಬಣ್ಣ ಸೇರಿಸಲು ನಿಯಮದಲ್ಲೇ ಅವಕಾಶವಿದೆ. ನಿಮ್ಮ "ಗೋಲ್ಡ್" ಬಹುಶಃ ಪೀಪಾಯಿಯ ಮುಖವನ್ನೇ ಕಂಡಿಲ್ಲ.

ಅಗಾವೆ ಎಂದರೆ ಕತ್ತಾಳೆಯ ಬಳಗದ ಗಿಡ. ಮುಳ್ಳಿನ ಎಲೆಗಳನ್ನು ಕೋಆ ಎಂಬ ಉದ್ದ ಹಿಡಿಯ ದುಂಡು ಅಲಗಿನಿಂದ ಕತ್ತರಿಸಿ ತೆಗೆದರೆ ನಡುವೆ ದೊಡ್ಡ ಗಡ್ಡೆಯಂಥ ತಿರುಳು ಉಳಿಯುತ್ತದೆ. ನೋಡಲು ಅನಾನಸಿನಂತಿರುವ ಕಾರಣ ಅದಕ್ಕೆ ಪಿನ್ಯಾ ಎಂದೇ ಹೆಸರು. ಗಿಡ ಬಲಿಯಲು ಆರೇಳು ವರ್ಷ ಬೇಕು. ಬೇಯಿಸಿ, ಅರೆದು, ಹುಳಿಯಿಸಿ, ಭಟ್ಟಿ ಇಳಿಸಿದ್ದು ಟಕೀಲಾ. 1974ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ: ಮೆಕ್ಸಿಕೊದ ಹಲಿಸ್ಕೊ ರಾಜ್ಯ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತಾದ ಊರುಗಳಲ್ಲಿ ಮಾಡಿದ್ದಷ್ಟೇ ಟಕೀಲಾ. ಟಕೀಲಾ ಊರಿನ ಸುತ್ತಲಿನ ಅಗಾವೆ ಹೊಲಗಳನ್ನೂ ಹಳೆಯ ಭಟ್ಟಿಗಳನ್ನೂ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆರೇಳು ವರ್ಷ ಬಿಸಿಲುಂಡ ಗಿಡದ ಸಾರವನ್ನು ಕಲ್ಲಂಗಡಿ ನೀರಿನಲ್ಲಿ ಮುಳುಗಿಸುತ್ತೀರಲ್ಲ, ಅದಕ್ಕೆ ನನ್ನ ಸಂಕಟ.

ಮುಳುಗಿಸುವುದೇ ಆದರೆ ಬ್ಲಾಂಕೊ ತೆಗೆದುಕೊಳ್ಳಿ. ಬಣ್ಣವಿಲ್ಲದ್ದು, ಹಸಿರು ವಾಸನೆಯದ್ದು, ಕರಿಮೆಣಸಿನ ಚುರುಕು ಇರುವುದು. ಹಣ್ಣಿನ ನಡುವೆಯೂ ಅದರ ದನಿ ಕೇಳಿಸುತ್ತದೆ. ರೆಪೊಸಾಡೊ ಎರಡು ತಿಂಗಳಿಂದ ಒಂದು ವರ್ಷದೊಳಗೆ ಓಕ್ ಮರದಲ್ಲಿ ಇದ್ದದ್ದು. ಅನಾನಸಿಗೆ ಹೊಂದುತ್ತದೆ, ಒಪ್ಪುತ್ತೇನೆ. ಒಂದರಿಂದ ಮೂರು ವರ್ಷದ ಅನ್ಯೇಹೊವನ್ನು ಯಾರಾದರೂ ಹಣ್ಣಿಗೆ ಬೆರೆಸಿದರೆ ದಯವಿಟ್ಟು ನನಗೆ ತಿಳಿಸಬೇಡಿ.

ಸಂಜೆಗಾಳಿ

ಟಕೀಲಾ ಬಾಟಲಿಯಲ್ಲಿ ಹುಳು ಇರುತ್ತದೆ ಎನ್ನುತ್ತಾರಲ್ಲ, ಅದನ್ನು ಸೋಸಬೇಕೇ?

ಒಂಟಿಲೋಟ

ಇರುವುದಿಲ್ಲ. ಹುಳು ಹಾಕುವುದು ಮೆಸ್ಕಾಲ್ ಎಂಬ, ಅಗಾವೆಯಿಂದಲೇ ಇಳಿಸುವ ಇನ್ನೊಂದು ಮದ್ಯದ ಕೆಲವು ಬಾಟಲಿಗಳಿಗೆ, ಅದೂ ಮಾರಾಟದ ಗಿಮಿಕ್ಕು. ಟಕೀಲಾದಲ್ಲಿ ಹುಳು ಕಂಡರೆ ಬಾಟಲಿಯನ್ನು ವಾಪಸ್ ಕೊಡಿ.

ಗೊರಟೆ

ರುಚಿಯ ಮಾತು ನೀವೆಲ್ಲ ಆಡುತ್ತಿದ್ದೀರಿ, ನಾನು ಚರ್ಮದ ಮಾತು ಆಡುತ್ತೇನೆ. ಅರೆಹಣ್ಣು ಅವರು "ತಾರಸಿ" ಎಂದದ್ದಕ್ಕೆ ಇದನ್ನು ಬರೆಯಲೇಬೇಕಾಯಿತು.

ಹಿಂದಿನ ವರ್ಷ ಹೀಗೆಯೇ ಒಂದು ಸಂತೋಷಕೂಟ. ಮಧ್ಯಾಹ್ನ ಬಿಸಿಲಿನಲ್ಲಿ ಕುಳಿತು ಮೂವತ್ತು ನಿಂಬೆಹಣ್ಣು ಹಿಂಡಿದೆ. ರಸ ಮುಂಗೈಗೆ, ಮಣಿಕಟ್ಟಿಗೆ ಇಳಿಯುತ್ತಿತ್ತು. ಲಂಗಕ್ಕೆ ಒರೆಸಿಕೊಂಡು ಮುಂದುವರಿಸಿದೆ. ಅಂದು ಏನೂ ಆಗಲಿಲ್ಲ. ಮರುದಿನ ಸಂಜೆ ಕೈ ಕೆಂಪಗಾಗಿ ಉರಿಯತೊಡಗಿತು. ಮೂರನೆಯ ದಿನ ಗುಳ್ಳೆಗಳು, ಬಿಸಿ ಎಣ್ಣೆ ಸಿಡಿದ ಹಾಗೆ. ರಸ ಹರಿದ ದಾರಿಯನ್ನು ಯಾರೋ ಕೈ ಮೇಲೆ ನಕ್ಷೆ ಬರೆದಂತೆ ಗುಳ್ಳೆಗಳು ಸಾಲಾಗಿ ನಿಂತಿದ್ದವು. ಗುಳ್ಳೆ ಒಣಗಿದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯಿತು.

ವೈದ್ಯರು ನೋಡಿದ ಕೂಡಲೇ ಕೇಳಿದ್ದು: "ಬಿಸಿಲಿನಲ್ಲಿ ನಿಂಬೆ ಹಿಂಡಿದಿರಾ?" ಇದಕ್ಕೆ ಫೈಟೋಫೋಟೋಡರ್ಮಟೈಟಿಸ್ ಎಂಬ ಉದ್ದನೆಯ ಹೆಸರಿದೆ. ನಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯೂರನೊಕೌಮರಿನ್ ಎಂಬ ರಾಸಾಯನಿಕಗಳು ಇರುತ್ತವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ಅಲರ್ಜಿ ಅಲ್ಲ, ಯಾರಿಗೆ ಬೇಕಾದರೂ ಆಗಬಹುದು. ಹಾಗಾಗಿ ನಿಂಬೆಯನ್ನು ಒಳಗೆ ಹಿಂಡಿ, ಸೋಪು ಹಾಕಿ ಕೈ ತೊಳೆದು ಹೊರಗೆ ಹೋಗಿ. ಒರೆಸಿಕೊಂಡರೆ ಸಾಲದು.

ಅಳತೆಗಾರ

ಇದು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಬಿಸಿಲಿನಲ್ಲೇ ಹಿಂಡಿದ್ದೇನೆ, ಬಚಾವಾಗಿದ್ದೇನೆ ಅಷ್ಟೇ.

ಅರೆಹಣ್ಣು

ಮೊದಲ ಪ್ರಯೋಗದ ವರದಿ. ಒಬ್ಬನೇ, ಒಂದೇ ಲೋಟ. ಬ್ಲಾಂಕೊ ತಂದಿದ್ದೇನೆ, "100% ಅಗಾವೆ" ಎಂಬುದನ್ನು ಮೂರು ಸಲ ಓದಿಯೇ ತಂದೆ.

ಫಲಿತಾಂಶ: ಮುಖ ಕಿವುಚಿತು. ಹುಳಿಯೋ ಹುಳಿ. ಕಲ್ಲಂಗಡಿ ಎಲ್ಲೋ ದೂರದಲ್ಲಿ ನಿಂತು ಕೈ ಬೀಸುತ್ತಿತ್ತು.

ಅಳತೆಗಾರ

ನಿಂಬೆರಸ ಅಳೆದಿರಾ?

ಅರೆಹಣ್ಣು

ಒಂದು ನಿಂಬೆಹಣ್ಣು ಹಿಂಡಿದೆ. ಒಂದು ಹಣ್ಣಿಗೆ 20 ಮಿ.ಲೀ. ಬರಬಹುದೆಂದುಕೊಂಡೆ.

ಅಳತೆಗಾರ

ಅಲ್ಲೇ ಎಡವಿದಿರಿ. ಒಂದು ಹಣ್ಣು 15 ಕೊಡುತ್ತದೆ, ಪಕ್ಕದ್ದು 35 ಕೊಡುತ್ತದೆ. ಟಕೀಲಾವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಕ್ಷಮಿಸಬಹುದು, ನಿಂಬೆಗೆ ಕ್ಷಮೆ ಇಲ್ಲ. 5 ಮಿ.ಲೀ. ಹೆಚ್ಚುಕಮ್ಮಿಯಾದರೂ ಲೋಟದ ಸ್ವಭಾವವೇ ಬದಲಾಗುತ್ತದೆ.

ಇನ್ನೊಂದು ಮಾತು. ನನ್ನ ಲೆಕ್ಕ ಸಿಹಿಯಾದ ಕಲ್ಲಂಗಡಿಗೆ ಹೇಳಿದ್ದು. ಹಣ್ಣನ್ನು ಮೊದಲು ತಿಂದು ನೋಡಿ. ಸಪ್ಪೆ ಇದ್ದರೆ ಪಾಕವನ್ನು 20ಕ್ಕೆ ಏರಿಸಿ. ಎಲ್ಲರೂ ಕೊನೆಗೆ ರುಚಿ ನೋಡುತ್ತಾರೆ. ನೋಡಬೇಕಾದದ್ದು ಮೊದಲು, ಹಣ್ಣು ಹಣ್ಣಾಗಿರುವಾಗಲೇ.

ತಣ್ಣಗಿರು

ನೀರಾಗುವ ಸಮಸ್ಯೆಗೆ ಐಸ್ ಹಾಕದಿರುವುದೇ ಉತ್ತರ. ಕಲ್ಲಂಗಡಿಯನ್ನೇ ಐಸ್ ಮಾಡಿ. ಬೀಜ ತೆಗೆದು ಹೆರಳೆಕಾಯಿ ಗಾತ್ರದ್ದಲ್ಲ, ನೆಲ್ಲಿಕಾಯಿ ಗಾತ್ರದ ತುಂಡುಗಳಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡಿ. ಮರುದಿನ ಅದನ್ನೇ ಟಕೀಲಾ, ನಿಂಬೆ, ಪಾಕದ ಜೊತೆ ಮಿಕ್ಸಿಗೆ ಹಾಕಿ. ಕರಗಿದರೂ ಕರಗುವುದು ಹಣ್ಣೇ. ಚಮಚದಲ್ಲಿ ಎತ್ತಿದರೆ ಒಂದು ಕ್ಷಣ ಗೋಪುರವಾಗಿ ನಿಂತು ಆಮೇಲೆ ಮೆಲ್ಲಗೆ ಜಾರಬೇಕು, ಅದು ಹದ.

ಹೀಗೆ ಹೆಪ್ಪುಗಟ್ಟಿಸಿದ ಪಾನೀಯಕ್ಕೆ ಎರಡು ಎಚ್ಚರಿಕೆ ಇವೆ. ನಾಲಿಗೆ ತಣ್ಣಗಾದಷ್ಟೂ ಸಿಹಿ ಗೊತ್ತಾಗುವುದು ಕಡಿಮೆ, ಆದ್ದರಿಂದ ಪಾಕವನ್ನು 15ರ ಬದಲು 20 ಮಾಡಿ. ಮಿಕ್ಸಿಯಲ್ಲಿರುವಾಗ ಸ್ವಲ್ಪ ಅತಿಸಿಹಿ ಎನಿಸಿದರೆ ಲೋಟದಲ್ಲಿ ಸರಿಹೋಗುತ್ತದೆ. ಎರಡನೆಯದು, ಕೈ ಜಾರಿ ಹೆಚ್ಚು ಟಕೀಲಾ ಸುರಿದರೆ ಅದು ಗಟ್ಟಿಯಾಗುವುದೇ ಇಲ್ಲ. ಶೇ 40ರ ಮದ್ಯ ಹೆಪ್ಪುಗಟ್ಟಲು ಸೊನ್ನೆಗಿಂತ 25 ಡಿಗ್ರಿಗೂ ಕೆಳಗೆ ಹೋಗಬೇಕು. ಮನೆಯ ಫ್ರೀಜರ್ ಇರುವುದು ಮೈನಸ್ 18ರಲ್ಲಿ. ಇದರಿಂದ ಒಂದು ಲಾಭವೂ ಇದೆ: ಬಾಟಲಿಯನ್ನೇ ಫ್ರೀಜರ್‌ನಲ್ಲಿಡಬಹುದು, ಒಡೆಯುವುದಿಲ್ಲ. ತಣ್ಣಗಿನ ಟಕೀಲಾ ಹಣ್ಣನ್ನು ಕರಗಿಸುವುದಿಲ್ಲ.

ಹೆಪ್ಪುಗಟ್ಟಿದ ಮಾರ್ಗರೀಟಾದ ಮೊದಲ ಯಂತ್ರವನ್ನು 1971ರಲ್ಲಿ ಡಲ್ಲಾಸ್‌ನ ಹೋಟೆಲ್ ಮಾಲೀಕ ಮಾರಿಯಾನೊ ಮಾರ್ಟಿನೆಜ್ ಮಾಡಿದ್ದು ಸಾಫ್ಟ್ ಐಸ್‌ಕ್ರೀಮ್ ಯಂತ್ರವನ್ನು ಮಾರ್ಪಡಿಸಿ. ಆ ಯಂತ್ರ ಈಗ ಸ್ಮಿತ್‌ಸೋನಿಯನ್‌ನ ಅಮೆರಿಕನ್ ಇತಿಹಾಸ ಸಂಗ್ರಹಾಲಯದಲ್ಲಿದೆ. ಮಿಕ್ಸಿ ಜಾರ್ ತೊಳೆಯುವಾಗ ನಾನು ಆ ಮಹಾನುಭಾವನನ್ನು ನೆನೆಯುತ್ತೇನೆ.

ಕಲ್ಲುಪ್ಪು

ತಣ್ಣಗಿರು ಅವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಮಿಕ್ಸಿಯಲ್ಲಿ ಅರೆದದ್ದು ಬೇಗ ಕುಡಿದು ಮುಗಿಸಬೇಕಾದ ಪಾನೀಯ. ಹರಟುತ್ತಾ ಕುಳಿತರೆ ಮೇಲೆ ನೊರೆ, ಕೆಳಗೆ ನೀರು ಎಂದು ಬೇರ್ಪಡುತ್ತದೆ. ಡಬ್ಬಿಯಲ್ಲಿ ಐಸ್ ಹಾಕಿ ಕುಲುಕಿದ್ದಕ್ಕೆ ಬೇರೆಯೇ ಗತ್ತು. ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ. ಉಕ್ಕಿನ ಡಬ್ಬಿಯ ಹೊರಮೈ ಮಂಜುಗಟ್ಟಿ ಬೆರಳು ಅಂಟುವಂತಾದಾಗ ನಿಲ್ಲಿಸಿ. ಆಗ ಕರಗುವ ಐಸ್ ನೀರು ಶತ್ರುವಲ್ಲ, ಅದು ಸೇರಿಯೇ ಪಾನೀಯದ ಹದ. ನೀವು ಜಗ್‌ನಲ್ಲಿ ಒಂದು ಗಂಟೆ ಐಸ್ ಇಟ್ಟದ್ದು ತಪ್ಪಾಯಿತೇ ವಿನಾ ಐಸ್‌ನದ್ದೇನೂ ತಪ್ಪಿಲ್ಲ.

ತಣ್ಣಗಿರು

ಹರಟುತ್ತಾ ಕೂರುವವರಿಗೆ ಸಣ್ಣ ಲೋಟ ಕೊಡಿ. ನನ್ನ ಮಾತು ಬದಲಾಗದು.

ಮೆಣಸಿನಕಾಳು

ಕಲ್ಲಂಗಡಿ ಬಿಟ್ಟು ಬೇರೆ ಹಣ್ಣೂ ಇದೆ, ಸ್ವಾಮಿ! ಅನಾನಸ್. ಅದಕ್ಕೆ ಹುಳಿ ಸಿಹಿ ಎರಡೂ ಇವೆ, ಕುಲುಕಿದರೆ ನೊರೆಯೂ ಬರುತ್ತದೆ. ತುಂಡು ಮಾಡಿದ ಅನಾನಸನ್ನು ಟಕೀಲಾದಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿ ಮೂರು ದಿನ ಇಟ್ಟು ಸೋಸಿದರೆ, ಟಕೀಲಾವೇ ಹಣ್ಣಾಗಿರುತ್ತದೆ. ಅದಕ್ಕೆ ನಿಂಬೆ 20, ಪಾಕ 10, ಐಸ್. ಬೇರೇನೂ ಬೇಡ. ತುಂಡುಗಳನ್ನು ಮೊದಲು ಒಣ ಕಾವಲಿಯ ಮೇಲೆ ಅಂಚು ಕಪ್ಪಾಗುವವರೆಗೆ ಸುಟ್ಟರೆ ಇನ್ನೂ ಒಳ್ಳೆಯದು. ಕಲ್ಲಂಗಡಿಯನ್ನು ಮಾತ್ರ ಬಿಸಿಗೆ ತೋರಿಸಬೇಡಿ, ಬೇಯಿಸಿದ ಸೋರೆಕಾಯಿಯ ವಾಸನೆ ಬರುತ್ತದೆ.

ಖಾರ ಬೇಕಾದವರಿಗೆ ನನ್ನ ಕರುಣಾಜನಕ ಕತೆ. ಎರಡು ಹಸಿಮೆಣಸಿನಕಾಯಿ ಸೀಳಿ ಒಂದು ಲೋಟ ಟಕೀಲಾದಲ್ಲಿ ಹಾಕಿಟ್ಟೆ. ಅರ್ಧ ಗಂಟೆಗೆ ತೆಗೆಯಬೇಕಿತ್ತು, ಮರೆತು ಮಲಗಿದೆ. ಬೆಳಿಗ್ಗೆ ಒಂದು ಹನಿ ನಾಲಿಗೆಗೆ ಇಟ್ಟವನು ಹತ್ತು ನಿಮಿಷ ಮಾತಾಡಲಿಲ್ಲ. ಮೆಣಸಿನ ಖಾರ, ಅಂದರೆ ಕ್ಯಾಪ್ಸೈಸಿನ್, ನೀರಿನಲ್ಲಿ ಕರಗದಿದ್ದರೂ ಮದ್ಯದಲ್ಲಿ ಚೆನ್ನಾಗಿ ಕರಗುತ್ತದೆ. ಅದು ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ನಾರಿನಲ್ಲಿ. ಆ ನಾರು ಕೆರೆದು ತೆಗೆಯಿರಿ, ಹತ್ತು ನಿಮಿಷಕ್ಕೊಮ್ಮೆ ರುಚಿ ನೋಡಿ, ಸಾಕೆನಿಸಿದ ಕೂಡಲೇ ಸೋಸಿ. ಆ ಬೆಂಕಿಯ ಲೋಟವನ್ನು ಚೆಲ್ಲದೆ ಇಟ್ಟುಕೊಂಡಿದ್ದೇನೆ, ಈಗ ಹನಿ ಲೆಕ್ಕದಲ್ಲಿ ಬಳಸುತ್ತೇನೆ. ಮುಂದಿನ ಬೇಸಿಗೆಗೂ ಆಗುತ್ತದೆ.

ಸಂಜೆಗಾಳಿ

ಮಾವಿನ ಹಣ್ಣು?

ಮೆಣಸಿನಕಾಳು

ಆಹಾ, ಆಗುತ್ತದೆ. ತಿರುಳು ಗಟ್ಟಿ, ನಿಂಬೆ ಹೆಚ್ಚು ಹಾಕಿ.

ಒಂಟಿಲೋಟ

ಆಗುವುದಿಲ್ಲ. ಮಾವಿನ ಮುಂದೆ ಟಕೀಲಾ ಮೂಕವಾಗುತ್ತದೆ.

ಅಳತೆಗಾರ

ಈ ವಿಷಯದಲ್ಲಿ ಒಂಟಿಲೋಟರ ಪಕ್ಷ ನಾನು. ಮಾವಿನ ತಿರುಳು ಲೋಟಕ್ಕೆ 40 ದಾಟಿದರೆ ಅದು ಕುಡಿಯುವ ಪದಾರ್ಥವಾಗಿ ಉಳಿಯುವುದಿಲ್ಲ.

ಮೆಣಸಿನಕಾಳು

ನಿಮ್ಮಿಬ್ಬರಿಗೂ ಒಳ್ಳೆಯ ಮಾವು ಸಿಕ್ಕಿಲ್ಲ.

ಮಳೆಗಾಲ

ಕುಲುಕಲು, ಅರೆಯಲು ಯಾವುದಕ್ಕೂ ವ್ಯವಧಾನವಿಲ್ಲದವರಿಗೆ ಟಕೀಲಾ ಸನ್‌ರೈಸ್ ಇದೆ. ಐಸ್ ತುಂಬಿದ ಉದ್ದ ಲೋಟಕ್ಕೆ ಟಕೀಲಾ 45, ಕಿತ್ತಳೆ ರಸ 90. ಕೊನೆಗೆ ಗ್ರೆನಡೀನ್ 15 ಮಿ.ಲೀ.ಯನ್ನು ಲೋಟದ ಗೋಡೆಗೆ ತಾಗಿಸಿ ನಿಧಾನವಾಗಿ ಇಳಿಬಿಡಿ. ಪಾಕ ಭಾರವಾದ್ದರಿಂದ ನೇರ ತಳಕ್ಕೆ ಹೋಗಿ ಕೆಂಪಗೆ ಕೂರುತ್ತದೆ, ಅಲ್ಲಿಂದ ಮೇಲಕ್ಕೆ ಹಳದಿಯಾಗುತ್ತಾ ಬರುತ್ತದೆ. ಗ್ರೆನಡೀನ್ ಮೂಲತಃ ದಾಳಿಂಬೆಯ ಪಾಕ. ದಾಳಿಂಬೆ ರಸಕ್ಕೆ ಸಮತೂಕ ಸಕ್ಕರೆ ಕರಗಿಸಿ ಮನೆಯಲ್ಲೇ ಮಾಡಿದರೆ ಬಣ್ಣ ಸ್ವಲ್ಪ ಮಂಕು, ರುಚಿ ಎಷ್ಟೋ ಮೇಲು. ಸಿಹಿ ಜಾಸ್ತಿ ಎನಿಸಿದರೆ ನಿಂಬೆ ಹಿಂಡಿ.

ಸೋಡಾ ಇಷ್ಟಪಡುವವರಿಗೆ ಪಲೋಮಾ: ಟಕೀಲಾ, ನಿಂಬೆ, ಚಿಟಿಕೆ ಉಪ್ಪು, ಮೇಲೆ ಗ್ರೇಪ್‌ಫ್ರೂಟ್ ಸೋಡಾ. ಮೆಕ್ಸಿಕೊದಲ್ಲಿ ಮನೆಮಾತಾದ ಪಾನೀಯ. ಬಂದವರಿಗೆ ಕೊಡುವ ಮೊದಲು ಒಂದು ಮಾತು ಕೇಳಿ: ಕೊಲೆಸ್ಟರಾಲ್‌ಗೆ ಸಿಮ್ವಸ್ಟಾಟಿನ್‌ನಂಥ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರು ಗ್ರೇಪ್‌ಫ್ರೂಟ್ ಮುಟ್ಟಬಾರದು. ಮಾತ್ರೆಯನ್ನು ಒಡೆಯುವ ಕಿಣ್ವವನ್ನೇ ಆ ಹಣ್ಣು ತಡೆಯುತ್ತದೆ, ಮೈಯಲ್ಲಿ ಔಷಧದ ಪ್ರಮಾಣ ಏರುತ್ತದೆ. ಅದಕ್ಕೆ ಕಾರಣವೂ ಗೊರಟೆಯವರು ಹೇಳಿದ ಅದೇ ಫ್ಯೂರನೊಕೌಮರಿನ್‌ಗಳು.

ಗೊರಟೆ

ನನ್ನ ಕೈ ಸುಟ್ಟವೂ ಅವೇ, ಅಲ್ಲವೇ. ಒಳ್ಳೆಯ ಸಂಸಾರ.

ಸಂಜೆಗಾಳಿ

ಗುಂಪಿನಲ್ಲಿ ಕುಡಿಯದವರು ಒಬ್ಬರು ಇರುತ್ತಾರೆ, ವಾಹನ ಓಡಿಸುವವರೂ ಅವರೇ ಆಗಿರುತ್ತಾರೆ. ನಾನೇ ಅದು. ನನಗೆ ಪ್ರತಿ ಸಲವೂ ಬಾಟಲಿಯ ಕೋಲಾ. ನನ್ನ ಲೋಟದ ಬಗ್ಗೆಯೂ ಯಾರಾದರೂ ಯೋಚಿಸಿ.

ಕಲ್ಲುಪ್ಪು

ಸಂಜೆಗಾಳಿ ಅವರೇ, ನಿಮ್ಮ ದೂರು ನ್ಯಾಯವಾದದ್ದು. ಟಕೀಲಾವನ್ನು ಸುಮ್ಮನೆ ಬಿಟ್ಟುಬಿಟ್ಟರೆ ಉಳಿಯುವುದು ಶರಬತ್ತು, ಎರಡು ಗುಟುಕಿಗೆ ಬೇಸರ ಬರುತ್ತದೆ. ಮದ್ಯ ಕೊಡುವುದು ಅಮಲನ್ನು ಮಾತ್ರವಲ್ಲ, ಗಂಟಲಿಗೆ ಒಂದು ಚುರುಕು, ನಾಲಿಗೆಗೆ ಒಂದು ಒಗರು. ಆ ಎರಡನ್ನು ಬೇರೆ ಕಡೆಯಿಂದ ತರಬೇಕು. ಒಗರಿಗೆ ಹಾಲು ಹಾಕದ ಗಟ್ಟಿ ಚಹಾ, ಆರಿಸಿ ತಣ್ಣಗೆ ಮಾಡಿದ್ದು, 45 ಮಿ.ಲೀ. ಚುರುಕಿಗೆ ಶುಂಠಿ ರಸ ಅರ್ಧ ಚಮಚ. ಕಲ್ಲಂಗಡಿ, ನಿಂಬೆ, ಪಾಕ, ಉಪ್ಪು ಎಲ್ಲ ಅದೇ ಅಳತೆ. ಲೋಟವೂ ಅದೇ ಆಗಿರಲಿ, ಅಂಚಿಗೆ ಉಪ್ಪೂ ಇರಲಿ.

ಅಳತೆಗಾರ

ಶನಿವಾರಕ್ಕೆ ಆರು ಲೋಟದ ಜಗ್ ಲೆಕ್ಕ ಬರೆದಿಡುತ್ತೇನೆ. ಟಕೀಲಾ 270, ಕಲ್ಲಂಗಡಿ ರಸ 360, ಪಾಕ 90 ಮಿ.ಲೀ., ಎರಡು ಚಿಟಿಕೆ ಉಪ್ಪು. ಇಷ್ಟನ್ನು ಬೆಳಿಗ್ಗೆಯೇ ಕಲಸಿ ಫ್ರಿಜ್‌ನಲ್ಲಿಡಿ. ನಿಂಬೆರಸ 120 ಮಿ.ಲೀ. ಮಾತ್ರ ಸಂಜೆಯೇ ಹಿಂಡಿ ಸೇರಿಸಿ, ಹಿಂದಿನ ದಿನದ ನಿಂಬೆರಸಕ್ಕೆ ಹಳಸಲು ಕಹಿ ಬಂದಿರುತ್ತದೆ. ಕುಲುಕದೆ ಜಗ್‌ನಿಂದಲೇ ಸುರಿಯುವುದಾದರೆ 100 ಮಿ.ಲೀ. ತಣ್ಣೀರನ್ನೂ ಸೇರಿಸಿ, ಕುಲುಕುವಾಗ ಐಸ್ ಕೊಡಬೇಕಾದ ನೀರು ಅದು. ಐಸ್ ಲೋಟಕ್ಕೆ, ಜಗ್‌ಗೆ ಅಲ್ಲ.

ಒಂದು ಲೋಟದಲ್ಲಿ 45 ಮಿ.ಲೀ. ಮದ್ಯ ಇದೆ ಎಂಬುದನ್ನು ಬಂದವರಿಗೆ ಬಾಯಿ ಬಿಟ್ಟು ಹೇಳಿ. ಕುಡಿಯುವಾಗ ಅದು ಗೊತ್ತಾಗುವುದಿಲ್ಲ, ಸೆಕೆಗೆ ಬಾಯಾರಿದವರು ನೀರಿನಂತೆ ಎತ್ತಿಬಿಡುತ್ತಾರೆ. ಪಕ್ಕದಲ್ಲಿ ನೀರಿನ ಜಗ್ ಇನ್ನೊಂದು ಇರಲಿ.

ಅರೆಹಣ್ಣು

ಶನಿವಾರ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಹಣ್ಣನ್ನು ಮೊದಲೇ ತಿಂದು ನೋಡಿದೆ. ಸಪ್ಪೆ. ಪಾಕವನ್ನು 120ಕ್ಕೆ ಏರಿಸಿದೆ. ಅರ್ಧ ಕಲ್ಲಂಗಡಿಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಹೆಚ್ಚಿ ಹೆಪ್ಪುಗಟ್ಟಿಸಿದ್ದೆ, ಆದರೆ ಮಿಕ್ಸಿಗೆ ಹಾಕಲಿಲ್ಲ; ತಣ್ಣಗಿರು ಅವರ ತುಂಡು, ಅಳತೆಗಾರರ ಜಗ್ ಎಂದು ರಾಜಿ ಮಾಡಿ ಲೋಟಕ್ಕೆ ಐಸ್ ಬದಲು ಆ ತುಂಡುಗಳನ್ನೇ ಹಾಕಿದೆ. ಕುಡಿದು ಮುಗಿಯುವ ಹೊತ್ತಿಗೆ ತುಂಡು ಅರ್ಧ ಮೆತ್ತಗಾಗಿ ಟಕೀಲಾ ಹೀರಿಕೊಂಡಿರುತ್ತದೆ. ಎಲ್ಲರೂ ಲೋಟ ಖಾಲಿ ಮಾಡಿ ಬೆರಳು ಹಾಕಿ ಅದನ್ನು ಎತ್ತಿ ತಿನ್ನುತ್ತಿದ್ದರು. ಒಂಟಿಲೋಟ ಅವರೇ, ಹಣ್ಣನ್ನು ತಿಂದೆವು, ಟಕೀಲಾವನ್ನು ಕುಡಿದೆವು.

ಚಹಾ ಮತ್ತು ಶುಂಠಿಯ ಲೋಟ ವಾಹನ ಓಡಿಸುವವನಿಗೆಂದು ಒಂದೇ ಮಾಡಿದ್ದೆ, ಇನ್ನಿಬ್ಬರು ಕೇಳಿ ಮಾಡಿಸಿಕೊಂಡರು. ಅಂಚಿನ ಉಪ್ಪು ಮಾತ್ರ ನನ್ನ ಕೈಗೆ ಒಲಿಯಲಿಲ್ಲ, ಒಂದು ಕಡೆ ಗುಡ್ಡೆ, ಒಂದು ಕಡೆ ಬೋಳು. "ಬಣ್ಣ ಮಾತ್ರ" ಎಂದಿದ್ದವಳು ಈ ಸಲ ಬಣ್ಣದ ಸುದ್ದಿ ಎತ್ತಲಿಲ್ಲ, ಅಳತೆ ಬರೆದುಕೊಂಡು ಹೋದಳು.

ಒಂಟಿಲೋಟ

ಬಾಟಲಿಯಲ್ಲಿ ಉಳಿದಿದೆಯೇ? ಉಳಿದಿದ್ದರೆ ಒಂದು ಸಲ ಹಣ್ಣಿಲ್ಲದೆ ಕುಡಿದು ನೋಡಿ.

ಗೊರಟೆ

ಅದೆಲ್ಲ ಇರಲಿ, ನಿಂಬೆ ಹಿಂಡಿದ ಮೇಲೆ ಕೈ ತೊಳೆದಿರಾ?

ಅರೆಹಣ್ಣು

ತೊಳೆದೆ. ಸೋಪು ಹಾಕಿ, ಎರಡು ಸಲ.